ಹೊಸಬರ ಯಿನ್ ಯೋಗ ತರಗತಿ: ಮೊದಲು ದಿಂಬು, ಆಮೇಲೆ ಆಸನ

ಸಂಜೆ 7ರ ತರಗತಿಗೆ ಯಾರು ಬರುತ್ತಾರೆ ಎನ್ನುವುದನ್ನು ನೋಡಿಕೊಂಡು ತರಗತಿ ಹೆಣೆಯಬೇಕು. ಬೆಂಗಳೂರಿನಲ್ಲಿ ಅವರಲ್ಲಿ ಹೆಚ್ಚಿನವರು ಬೆಳಗಿನಿಂದ ಕುರ್ಚಿಯಲ್ಲಿ ಕೂತು, ಆಮೇಲೆ ಸಿಲ್ಕ್ ಬೋರ್ಡ್ ಕಡೆಯಿಂದಲೋ ಹೆಬ್ಬಾಳದ ಕಡೆಯಿಂದಲೋ ಟ್ರಾಫಿಕ್ಕಿನಲ್ಲಿ ಮತ್ತೆ ಕೂತೇ ಬಂದವರು. ತೊಡೆಯ ಹಿಂಭಾಗ ಬಿಗಿದುಕೊಂಡಿರುತ್ತದೆ, ತೊಡೆಸಂದು ಇಡೀ ದಿನ ಮಡಚಿಕೊಂಡೇ ಇದ್ದಿರುತ್ತದೆ, ಭುಜ ಕಿವಿಯ ಹತ್ತಿರ ಏರಿರುತ್ತದೆ. ಇಂಥವರನ್ನು ಬರಿಯ ಮ್ಯಾಟ್ ಮೇಲೆ ಕೂರಿಸಿ, ‘ಮುಂದಕ್ಕೆ ಬಾಗಿ, ಐದು ನಿಮಿಷ ಅಲುಗಾಡಬೇಡಿ’ ಎಂದರೆ ಮೊದಲ ನಿಮಿಷಕ್ಕೇ ಹಲ್ಲು ಕಚ್ಚುತ್ತಾರೆ, ಎರಡನೆಯ ನಿಮಿಷಕ್ಕೆ ಗಡಿಯಾರ ನೋಡುತ್ತಾರೆ, ಮುಂದಿನ ವಾರ ಬರುವುದಿಲ್ಲ.

ಹಾಗಾಗಿ ಯಿನ್, ಅಂದರೆ ಒಂದೊಂದು ಭಂಗಿಯಲ್ಲಿ ಮೈ ಸಡಿಲಬಿಟ್ಟು ಹೊತ್ತು ಕಳೆಯುವ ಯೋಗ, ಕಲಿಸಲು ಹೊರಟ ಶಿಕ್ಷಕರಿಗೆ ನನ್ನ ಮೊದಲ ಮಾತು ಇದು: ಆಸನಗಳ ಪಟ್ಟಿ ಬರೆಯುವ ಮೊದಲು ದಿಂಬು, ಕಂಬಳಿಗಳ ಪಟ್ಟಿ ಬರೆಯಿರಿ. ಯಾವ ಆಸನಕ್ಕೆ ಎಲ್ಲಿ ಆಧಾರ ಕೊಡುತ್ತೀರಿ, ಆ ಆಧಾರ ಹತ್ತು ಜನರಿಗೂ ಇದೆಯೇ, ಅದನ್ನು ಜೋಡಿಸಲು ಎಷ್ಟು ಹೊತ್ತು ಬೇಕು ಎನ್ನುವುದು ಗೊತ್ತಾದ ಮೇಲೆ ಯಾವ ಆಸನ ಉಳಿಯಬೇಕು, ಯಾವುದು ಹೋಗಬೇಕು ಎಂದು ತಾನಾಗಿ ತಿಳಿಯುತ್ತದೆ. ಕೆಳಗಿನ ಯೋಜನೆ 60 ನಿಮಿಷದ ಒಂದು ತರಗತಿಗೆ, ಯಿನ್ ಮಾಡಿಯೇ ಗೊತ್ತಿಲ್ಲದ ಎಂಟು-ಹತ್ತು ಜನರಿಗೆ. ಮನೆಯಲ್ಲಿ ಒಬ್ಬರೇ ಮಾಡುವವರಿಗೂ ಇದೇ ಸಾಕು.

ಯಿನ್ ಎಂದರೆ ಎಷ್ಟು ಗೊತ್ತಿದ್ದರೆ ಸಾಕು

1970ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಪಾಲಿ ಜಿಂಕ್ ಎಂಬ ಮಾರ್ಷಲ್ ಆರ್ಟ್ಸ್ ಶಿಕ್ಷಕರು ಚೀನೀ ಟಾವೊ ಪದ್ಧತಿಯ ಯೋಗ ಕಲಿಸುತ್ತಿದ್ದರು. ಅವರ ಬಳಿ ಕಲಿತ ಪಾಲ್ ಗ್ರಿಲಿ ಅದಕ್ಕೆ ಅಂಗರಚನಾಶಾಸ್ತ್ರದ ತಿಳಿವಳಿಕೆ ಸೇರಿಸಿದರು, ಸಾರಾ ಪವರ್ಸ್ ಅದನ್ನು ಯಿನ್ ಯೋಗ ಎಂದು ಕರೆದು ಹರಡಿದರು. ಆಸನಗಳ ಆಕಾರ ಬಹುಪಾಲು ನಮಗೆ ಗೊತ್ತಿರುವುದೇ. ಮಾಡುವ ರೀತಿ ಬೇರೆ. ಇಲ್ಲಿ ಸ್ನಾಯುಗಳನ್ನು ಬಿಗಿಹಿಡಿಯುವುದಿಲ್ಲ, ಸಡಿಲ ಬಿಡುತ್ತೇವೆ. ಒಂದೇ ಭಂಗಿಯಲ್ಲಿ ಹೊತ್ತು ಕಳೆಯುತ್ತೇವೆ. ಸೊಂಟ, ತೊಡೆಸಂದು, ಬೆನ್ನಿನ ಕೆಳಭಾಗದ ಸುತ್ತ ಮೂಳೆಗೆ ಮೂಳೆ ಕಟ್ಟುವ ಅಸ್ಥಿರಜ್ಜು ಮತ್ತು ಸ್ನಾಯುಗಳ ಮೇಲಿನ ಹೊದಿಕೆಯಾದ ಫ್ಯಾಸಿಯಾ ಇವು ಗಡಿಬಿಡಿಯ ಚಲನೆಗಿಂತ ದೀರ್ಘವಾದ ಹಗುರ ಎಳೆತಕ್ಕೆ ಒಗ್ಗುತ್ತವೆ ಎನ್ನುವುದು ಇದರ ಹಿಂದಿನ ತರ್ಕ.

ನಿಯಮ ಮೂರೇ. ಎಳೆತ ಸಿಕ್ಕ ಮೊದಲ ಜಾಗದಲ್ಲಿ ನಿಲ್ಲುವುದು, ಅಲ್ಲಿ ಅಲುಗಾಡದೆ ಇರುವುದು, ಸ್ವಲ್ಪ ಹೊತ್ತು ಇರುವುದು. ಅನುಭವಿಗಳು 5 ನಿಮಿಷ ಇರುತ್ತಾರೆ, ಇನ್ನೂ ಹೆಚ್ಚು ಇರುವವರೂ ಉಂಟು. ಹೊಸಬರಿಗೆ 2ರಿಂದ 4 ನಿಮಿಷ ಧಾರಾಳ.

ರೆಸ್ಟೊರೇಟಿವ್ ಯೋಗಕ್ಕೂ ಇದಕ್ಕೂ ಶಿಕ್ಷಕರೇ ಗೊಂದಲ ಮಾಡಿಕೊಳ್ಳುತ್ತಾರೆ. ಎರಡರಲ್ಲೂ ದಿಂಬು ಇರುತ್ತದೆ. ರೆಸ್ಟೊರೇಟಿವ್‌ನಲ್ಲಿ ಎಲ್ಲೂ ಎಳೆತವೇ ಇರದಂತೆ ದೇಹವನ್ನು ಪೂರ್ತಿ ಹೊತ್ತುಕೊಳ್ಳುವುದಕ್ಕೆ ದಿಂಬು. ಯಿನ್‌ನಲ್ಲಿ ಒಂದು ಜಾಗದಲ್ಲಿ ಹದವಾದ ಎಳೆತ ಉಳಿಯಬೇಕು, ಮಿಕ್ಕ ದೇಹ ಅದಕ್ಕಾಗಿ ಒದ್ದಾಡಬಾರದು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ದಿಂಬು ಎಷ್ಟು ಎತ್ತರ ಬೇಕು ಎನ್ನುವುದಕ್ಕೆ ಉತ್ತರ ಸಿಗುತ್ತದೆ. ಎಳೆತ ಪೂರ್ತಿ ಮಾಯವಾದರೆ ದಿಂಬು ಜಾಸ್ತಿಯಾಯಿತು, ಉಸಿರು ಕಟ್ಟಿದರೆ ಕಡಿಮೆಯಾಯಿತು.

ಸಾಮಾನು

ಒಬ್ಬರಿಗೆ ಒಂದು ಬೋಲ್‌ಸ್ಟರ್ (ಉದ್ದನೆಯ ಗಟ್ಟಿ ದಿಂಬು), ಎರಡು ಬ್ಲಾಕ್ (ಇಟ್ಟಿಗೆಯಾಕಾರದ ಆಧಾರ), ಎರಡು ಕಂಬಳಿ ಅಥವಾ ದಪ್ಪ ಹೊದಿಕೆ. ಇಷ್ಟರಲ್ಲಿ ಇಡೀ ತರಗತಿ ನಡೆಯುತ್ತದೆ. ಇದಲ್ಲದೆ ಎಲ್ಲರಿಗೂ ಸೇರಿ ಮೂರು-ನಾಲ್ಕು ಹೆಚ್ಚುವರಿ ಹೊದಿಕೆ, ಕೈಯಿಲ್ಲದ ಎರಡು ಗಟ್ಟಿ ಕುರ್ಚಿ, ಒಂದೆರಡು ಬೆಲ್ಟ್ ಪಕ್ಕದಲ್ಲಿರಲಿ.

ಬೋಲ್‌ಸ್ಟರ್ ವಿಷಯದಲ್ಲಿ ಮಾತ್ರ ಸ್ವಲ್ಪ ಹಟ ಇರಬೇಕು. ಸೋಫಾ ದಿಂಬಿನಂತೆ ಒತ್ತಿದರೆ ಕುಸಿಯುವುದು ಕೆಲಸಕ್ಕೆ ಬಾರದು. ಮೂರು ನಿಮಿಷ ಎದೆಯ ಭಾರ ಬಿದ್ದರೂ ಅದು ತನ್ನ ಎತ್ತರ ಬಿಡಬಾರದು. ಸುಮಾರು 24 ಇಂಚು ಉದ್ದ, 9 ಇಂಚು ದಪ್ಪದ ದುಂಡು ಬೋಲ್‌ಸ್ಟರ್ ಹೆಚ್ಚಿನವರಿಗೆ ಹೊಂದುತ್ತದೆ. ಅಂಗಡಿಯಲ್ಲಿ ಸಿದ್ಧವಾಗಿರುವುದು ದುಬಾರಿ ಎನಿಸಿದರೆ ಚಿಕ್ಕಪೇಟೆಯಿಂದ ದಪ್ಪ ಕಾಟನ್ ಬಟ್ಟೆ ತಂದು, ನಿಮ್ಮ ಬಡಾವಣೆಯ ಹಾಸಿಗೆ ಅಂಗಡಿಯಲ್ಲಿ ಅಳತೆ ಕೊಟ್ಟು ಹತ್ತಿ ತುಂಬಿಸಿ. ‘ಮಲಗೋ ದಿಂಬಲ್ಲ, ಗಟ್ಟಿಯಾಗಿ ತುಂಬಿ’ ಎಂದು ಎರಡು ಸಲ ಹೇಳಿ, ಮುಂದೆ ನಿಂತು ಕೈಯಲ್ಲಿ ಒತ್ತಿ ನೋಡಿ. ಒಳಗಿನ ಚೀಲಕ್ಕೊಂದು ಹೊಲಿಗೆ, ಹೊರಗೆ ಜಿಪ್ ಇರುವ ಬೇರೆ ಕವರ್. ಹತ್ತು ಜನ ಮುಖವಿಟ್ಟು ಮಲಗುವ ವಸ್ತು ಅದು. ಕವರ್ ವಾರಕ್ಕೊಮ್ಮೆ ಒಗೆಯಲೇಬೇಕು. ಮಳೆಗಾಲದಲ್ಲಿ ಹತ್ತಿ ತೇವ ಹೀರಿ ಮುಗ್ಗಲು ವಾಸನೆ ಬರುತ್ತದೆ, ಬಿಸಿಲು ಬಿದ್ದ ದಿನ ಟೆರೇಸಿನಲ್ಲಿ ಹಾಕಿ ಎರಡೂ ಮಗ್ಗುಲು ಒಣಗಿಸಿ.

ಮನೆಯಲ್ಲಿ ಮಾಡುವವರಿಗೆ ಇದಾವುದೂ ಬೇಡ. ದಿವಾನ್ ಮೇಲಿನ ಉದ್ದ ದುಂಡುದಿಂಬು ಇದ್ದರೆ ಅದೇ ಬೋಲ್‌ಸ್ಟರ್. ಇಲ್ಲವಾದರೆ ಎರಡು ಮಲಗುವ ದಿಂಬನ್ನು ಒಂದರ ಮೇಲೊಂದು ಇಟ್ಟು ಬೆಡ್‌ಶೀಟಿನಲ್ಲಿ ಬಿಗಿಯಾಗಿ ಸುತ್ತಿ. ಬ್ಲಾಕ್ ಬದಲಿಗೆ ದಪ್ಪ ಪುಸ್ತಕಗಳನ್ನು ದಾರದಲ್ಲಿ ಕಟ್ಟಿ, ಊಟಕ್ಕೆ ಕೂರುವ ಮಣೆಯೂ ಆಗುತ್ತದೆ. ಬೆಲ್ಟ್ ಬದಲಿಗೆ ಹಳೆಯ ಪಂಚೆ ಅಥವಾ ವೇಲ್. ಜಮಖಾನವನ್ನು ನಾಲ್ಕು ಮಡಿಕೆ ಮಾಡಿದರೆ ಕೂರುವುದಕ್ಕೆ ಬಹಳ ಒಳ್ಳೆಯ ಎತ್ತರ ಸಿಗುತ್ತದೆ, ಕಂಬಳಿಗಿಂತ ಗಟ್ಟಿ.

ದಿಂಬು ಕೈಗೆತ್ತಿಕೊಳ್ಳಲು ಸಂಕೋಚಪಡುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ, ಅದರಲ್ಲೂ ಮೊದಲೇ ಬೇರೆ ಯೋಗ ಮಾಡಿದವರು. ‘ಮೇಡಂ, ನಂಗೆ ಇದೆಲ್ಲಾ ಬೇಡ, ಹಾಗೇ ಬಾಗ್ತೀನಿ’ ಎನ್ನುತ್ತಾರೆ. ಅವರಿಗೆ ನಾನು ನೆನಪಿಸುವುದು ಬಿ.ಕೆ.ಎಸ್. ಅಯ್ಯಂಗಾರರನ್ನು. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಪುಣೆಯಲ್ಲಿ ಕಲಿಸಿ, ಮರದ ಇಟ್ಟಿಗೆ, ಹಗ್ಗ, ಬೆಲ್ಟ್, ಕುರ್ಚಿಗಳನ್ನು ಯೋಗಶಾಲೆಯೊಳಕ್ಕೆ ತಂದು ಲೋಕಕ್ಕೆಲ್ಲ ರೂಢಿ ಮಾಡಿಸಿದವರು ಅವರು. ಅತಿ ಕಠಿಣ ಆಸನಗಳನ್ನು ಮಾಡಬಲ್ಲ ವ್ಯಕ್ತಿಯೇ ಆಧಾರದ ಬೆಲೆ ಕಂಡುಕೊಂಡರು. ಅವರ ಪದ್ಧತಿ ಯಿನ್ ಅಲ್ಲ, ಅದರ ಶಿಸ್ತೇ ಬೇರೆ. ಆದರೆ ದಿಂಬು ಹಿಡಿಯುವುದು ದೌರ್ಬಲ್ಯ ಎನ್ನುವ ಮಾತಿಗೆ ನಮ್ಮ ನೆಲದಲ್ಲೇ ಸಿಗುವ ಉತ್ತರ ಅದು.

ಕೊಠಡಿ

ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಆಗಲಿ, ಮನೆಯ ಮೇಲಿನ ಕೋಣೆಯಾಗಲಿ, ನೆಲ ಈಗ ಹೆಚ್ಚಾಗಿ ಟೈಲ್ಸ್. ಯಿನ್‌ನಲ್ಲಿ ಮೈ ಬಿಸಿಯಾಗುವುದಿಲ್ಲ, ತಣ್ಣಗಾಗುತ್ತಾ ಹೋಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಮ್ಯಾಟ್ ಕೆಳಗೆ ಜಮಖಾನ ಹಾಸಿ. ಫ್ಯಾನ್ ಆರಿಸಿ. ಸಾಕ್ಸ್ ಹಾಕಿಕೊಂಡೇ ಮಾಡಲಿ, ಪರವಾಗಿಲ್ಲ. ಸಂಜೆ ತರಗತಿಯಾದರೆ ಕತ್ತಲಾಗುವ ಮೊದಲೇ ಕಿಟಕಿ ಮುಚ್ಚಿ. ಅಲುಗಾಡದೆ ಮಲಗಿರಿ ಎಂದು ಹೇಳಿದ ಮೇಲೆ ಸೊಳ್ಳೆ ಬಂದರೆ ನೀವು ಹೇಳುವ ಯಾವ ಮಾತೂ ನಡೆಯುವುದಿಲ್ಲ. ಬೆಳಗಿನ ತರಗತಿಯಾದರೆ ಕಸದ ಗಾಡಿಯ ಹಾಡು, ಪಕ್ಕದ ಮನೆಯ ಕುಕ್ಕರ್ ವಿಷಲ್ ಇದ್ದೇ ಇರುತ್ತದೆ. ಅದನ್ನು ಮುಚ್ಚಿಹಾಕಲು ಜೋರಾಗಿ ಸಂಗೀತ ಹಾಕಬೇಡಿ. ‘ಶಬ್ದ ಬರಲಿ, ಹೋಗಲಿ’ ಎಂದು ಒಂದು ಸಲ ಹೇಳಿ ಬಿಟ್ಟುಬಿಡಿ.

ಜನ ಬರುವ ಮೊದಲೇ ಪ್ರತಿ ಮ್ಯಾಟಿನ ಎಡಕ್ಕೆ ಬೋಲ್‌ಸ್ಟರ್ ಉದ್ದಕ್ಕೆ, ತಲೆಯ ಕಡೆ ಎರಡು ಬ್ಲಾಕ್, ಕಾಲಿನ ಕಡೆ ಎರಡು ಹೊದಿಕೆ ಇಟ್ಟಿರಿ. ಎಲ್ಲರ ಮ್ಯಾಟಿನಲ್ಲೂ ಒಂದೇ ಜಾಗ. ಕಣ್ಣು ಮುಚ್ಚಿಯೇ ಕೈಚಾಚಿದರೆ ವಸ್ತು ಸಿಗಬೇಕು.

ಸಮಯದ ಲೆಕ್ಕ

ಹೊಸ ಶಿಕ್ಷಕರ ಯೋಜನೆ ಇಲ್ಲೇ ಎಡವುವುದು. 60 ನಿಮಿಷ, ಒಂದು ಆಸನಕ್ಕೆ 4 ನಿಮಿಷ, ಹಾಗಾದರೆ 15 ಆಸನ ಎಂದು ಭಾಗಿಸುತ್ತಾರೆ. ದಿಂಬು ಎಳೆದುಕೊಳ್ಳುವುದು, ಹೊದಿಕೆ ಮಡಚುವುದು, ಬಲಗಾಲಿನಿಂದ ಎಡಗಾಲಿಗೆ ಬದಲಾಯಿಸುವುದು, ಎದ್ದಾದ ಮೇಲೆ ಒಂದು ನಿಮಿಷ ಸುಮ್ಮನೆ ಮಲಗುವುದು ಇವುಗಳಿಗೆ ಜಾಗವೇ ಇರುವುದಿಲ್ಲ. ನನ್ನ ಲೆಕ್ಕ ಹೀಗಿದೆ (ಪ್ರತಿ ಆಸನದ ವಿವರ ಮುಂದೆ ಬರುತ್ತದೆ):

ಬಂದು ಅಂಗಾತ ಮಲಗುವುದು: 6 ನಿಮಿಷ
ಬಟರ್‌ಫ್ಲೈ: 3, ಜೋಡಣೆ ಮತ್ತು ವಿಶ್ರಾಂತಿಗೆ 2
ಸ್ಫಿಂಕ್ಸ್: 3, ಜೊತೆಗೆ 2
ಬಾಲಾಸನ: 3, ಜೊತೆಗೆ 1
ಕ್ಯಾಟರ್‌ಪಿಲ್ಲರ್: 4, ಜೊತೆಗೆ 2
ಸೊಂಟದಡಿ ಬ್ಲಾಕ್, ಒಂದು ಕಾಲು ನೀಳ: ಎರಡೂ ಕಡೆ 2-2, ಜೊತೆಗೆ 2
ಮಲಗಿ ಕಾಲ ಮೇಲೆ ಕಾಲು: ಎರಡೂ ಕಡೆ 3-3, ಜೊತೆಗೆ 2
ಮಲಗಿ ತಿರುಚು: ಎರಡೂ ಕಡೆ 3-3, ಜೊತೆಗೆ 2
ಶವಾಸನ: 8
ಎದ್ದು ಕೂರುವುದು: 4

ಕೂಡಿದರೆ ಸರಿಯಾಗಿ 60. ಇದರಲ್ಲಿ ಆಸನದೊಳಗೆ ಇರುವುದು ಬರೀ 29 ನಿಮಿಷ. 13 ನಿಮಿಷ ಜೋಡಣೆ ಮತ್ತು ನಡುವಿನ ವಿಶ್ರಾಂತಿಗೆ. ಈ 13 ನಿಮಿಷವನ್ನು ಕದ್ದು ಇನ್ನೆರಡು ಆಸನ ತುರುಕಿದರೆ ತರಗತಿ ಓಟವಾಗುತ್ತದೆ.

ಕ್ರಮದ ಹಿಂದೆ ಎರಡು ಯೋಚನೆಗಳಿವೆ. ಮುಂದಕ್ಕೆ ಬಾಗಿದ ಮೇಲೆ ಹಿಂದಕ್ಕೆ, ಹಿಂದಕ್ಕೆ ಬಾಗಿದ ಮೇಲೆ ಮತ್ತೆ ಮುಂದಕ್ಕೆ ಎನ್ನುವುದು ಒಂದು. ಇನ್ನೊಂದು, ಅಂಗಾತ ಮಾಡುವುದನ್ನೆಲ್ಲ ಕೊನೆಗೆ ಒಟ್ಟಿಗೆ ಇಡುವುದು. ಕ್ಯಾಟರ್‌ಪಿಲ್ಲರ್ ಮುಗಿಸಿ ಮಲಗಿದವರು ಶವಾಸನ ಮುಗಿಯುವ ತನಕ ಮತ್ತೆ ಏಳುವುದೇ ಇಲ್ಲ. ಹೊಸಬರಿಗೆ ಇದು ದೊಡ್ಡ ಸಮಾಧಾನ. ಮೊದಲನೆಯದಾಗಿ ಅಂಗಾತ ಮಲಗುವುದನ್ನು ಇಟ್ಟಿರುವುದು ತಡವಾಗಿ ಬರುವವರಿಗಾಗಿ. 7.05ಕ್ಕೆ ಬಂದವರು ಯಾರಿಗೂ ತೊಂದರೆ ಕೊಡದೆ ಚಪ್ಪಲಿ ಬಿಟ್ಟು, ಮ್ಯಾಟ್ ಹುಡುಕಿ, ಮಲಗಿಬಿಡಬಹುದು. ನಮ್ಮ ಊರಿನಲ್ಲಿ ತಡವಾಗಿ ಬರುವವರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಬಾಗಿಲು ತೆರೆದಿಟ್ಟ ಯೋಜನೆ ಬೇಕು.

ಒಂದೊಂದಾಗಿ

ಮೊದಲು ಅಂಗಾತ ಮಲಗಿ ಮಂಡಿ ಮಡಚಿ, ಪಾದ ಅಗಲವಾಗಿಟ್ಟು, ಮಂಡಿಗಳು ಒಂದಕ್ಕೊಂದು ಒರಗಲಿ. ತಲೆಯಡಿ ಮಡಚಿದ ಹೊದಿಕೆ. ಗದ್ದ ಮೇಲಕ್ಕೆ ಎತ್ತಿಕೊಂಡಿದ್ದರೆ ಹೊದಿಕೆ ಇನ್ನೊಂದು ಮಡಿಕೆ ದಪ್ಪವಾಗಲಿ. ಈ ಆರು ನಿಮಿಷದಲ್ಲೇ ಮೂರು ನಿಯಮಗಳನ್ನು ಹೇಳಿ ಮುಗಿಸಿ, ಯಾರಿಗೆ ಏನು ನೋವಿದೆ ಎಂದು ಹತ್ತಿರ ಹೋಗಿ ಮೆಲ್ಲಗೆ ಕೇಳಿಕೊಳ್ಳಿ. ಎಲ್ಲರೆದುರು ಕೇಳಿದರೆ ಅರ್ಧ ಜನ ಹೇಳುವುದಿಲ್ಲ.

ಬಟರ್‌ಫ್ಲೈ ಎಂದರೆ ಬದ್ಧಕೋನಾಸನವೇ, ಆದರೆ ಹಿಮ್ಮಡಿಗಳನ್ನು ಒಳಕ್ಕೆ ಎಳೆದುಕೊಳ್ಳುವುದಿಲ್ಲ. ಮಡಚಿದ ಹೊದಿಕೆಯ ಅಂಚಿನ ಮೇಲೆ ಕೂತು, ಅಂಗಾಲು ಸೇರಿಸಿ, ಪಾದಗಳನ್ನು ಒಂದು ಮೊಳದಷ್ಟು ಮುಂದಕ್ಕೆ ಬಿಡಿ. ಈಗ ಮಂಡಿಗಳನ್ನು ನೋಡಿ. ನೆಲದಿಂದ ಒಂದು ಗೇಣು ಮೇಲೆ ತೇಲುತ್ತಿರುವ ಮಂಡಿಯ ಹಿಂದೆ ತೊಡೆಯ ಒಳಭಾಗದ ಸ್ನಾಯುಗಳು ಹುರಿಗಟ್ಟಿರುತ್ತವೆ, ಪಾದದ ಬೆರಳುಗಳು ಮುದುರಿಕೊಂಡಿರುತ್ತವೆ. ಮಂಡಿಯಿಂದ ಸ್ವಲ್ಪ ಈಚೆ, ತೊಡೆಯ ಹೊರಬದಿಗೆ ಬ್ಲಾಕ್ ತಳ್ಳಿ ಕೊಡಿ. ತೊಡೆಯ ಭಾರ ಬ್ಲಾಕ್ ಮೇಲೆ ಇಳಿಯುತ್ತಿದ್ದಂತೆ ಮುದುರಿದ್ದ ಬೆರಳುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ, ಆಮೇಲೆ ದವಡೆ ಸಡಿಲಾಗುತ್ತದೆ, ಆಮೇಲೆ ಉಸಿರು ಹೊಟ್ಟೆಗೆ ಇಳಿಯುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡ ಶಿಕ್ಷಕರು ಮತ್ತೆ ಬ್ಲಾಕ್ ಇಲ್ಲದೆ ಈ ಆಸನ ಮಾಡಿಸುವುದಿಲ್ಲ. ಬಳಿಕ ಪಾದಗಳ ಮೇಲೆ ಬೋಲ್‌ಸ್ಟರ್ ಅಡ್ಡಲಾಗಿಟ್ಟು ಅದರ ಮೇಲೆ ಹಣೆ. ಹಣೆ ಮುಟ್ಟದಿದ್ದರೆ ‘ತಲೆ ಕೆಳಗೆ ತಳ್ಳಬೇಡಿ, ದಿಂಬನ್ನೇ ಮೇಲಕ್ಕೆ ತನ್ನಿ’ ಎನ್ನಿ. ಬೋಲ್‌ಸ್ಟರ್ ಕೆಳಗೆ ಬ್ಲಾಕ್ ಕೊಟ್ಟರೂ ಸಾಲದವರಿಗೆ ಮುಂದೆ ಕುರ್ಚಿ ಇಟ್ಟು ಅದರ ಸೀಟಿನ ಮೇಲೆ ಕೈಕಟ್ಟಿ ತಲೆ ಇಡಿಸಿ. ಬೆನ್ನು ಗುಂಡಾಗಲಿ, ಯಿನ್‌ನಲ್ಲಿ ಅದು ತಪ್ಪಲ್ಲ. ಎಳೆತ ತೊಡೆಯ ಒಳಗೋ ಬೆನ್ನಿನಲ್ಲೋ ಇರಬೇಕು, ಮಂಡಿಯೊಳಗೆ ಇರಬಾರದು.

ಸ್ಫಿಂಕ್ಸ್‌ಗೆ ಬೋರಲು ಮಲಗಿ ಮೊಣಕೈ ಊರುವುದು. ಭುಜಂಗಾಸನ ಗೊತ್ತಿದ್ದವರು ತಕ್ಷಣ ಎದೆ ಎತ್ತಿ ಬೆನ್ನು ಬಿಗಿಹಿಡಿಯುತ್ತಾರೆ. ಬೇಡ ಎನ್ನಿ. ಮೊಣಕೈ ಭುಜಕ್ಕಿಂತ ಒಂದೆರಡು ಇಂಚು ಮುಂದೆ, ಹೊಟ್ಟೆ ಮತ್ತು ಪೃಷ್ಠ ಸಡಿಲ. ಸೊಂಟದ ಮೂಳೆ ನೆಲಕ್ಕೆ ಒತ್ತಿ ನೋಯುವವರಿಗೆ ಅಲ್ಲೊಂದು ಹೊದಿಕೆ, ಮೊಣಕೈಯಡಿ ಇನ್ನೊಂದು. ಕುತ್ತಿಗೆ ಸೋತರೆ ಎದೆಯಡಿ ಬೋಲ್‌ಸ್ಟರ್ ಅಡ್ಡ ಹಾಕಿ ತಲೆಯನ್ನು ಬ್ಲಾಕ್ ಮೇಲೆ ಇಳಿಬಿಡಬಹುದು. ಬೆನ್ನಿನ ಬುಡದಲ್ಲಿ ಮಂದವಾದ ಒತ್ತಡ ಸರಿ. ಚುಚ್ಚಿದ ಹಾಗೆ ಅನ್ನಿಸಿದರೆ ಮೊಣಕೈಯನ್ನು ಇನ್ನೂ ಮುಂದಕ್ಕೆ ಸರಿಸಿ, ಆಗಲೂ ಹೋಗದಿದ್ದರೆ ಬೋರಲು ಮಲಗಿಬಿಡಲಿ. ಮುಗಿದ ಮೇಲೆ ಒಂದು ನಿಮಿಷ ಕೆನ್ನೆ ನೆಲಕ್ಕಿಟ್ಟು ಮಲಗಲಿ, ತಕ್ಷಣ ಮಂಡಿಯೂರಿ ಏಳಿಸಬೇಡಿ.

ಬಾಲಾಸನದಲ್ಲಿ ಮಂಡಿಗಳು ಅಗಲ, ಬೋಲ್‌ಸ್ಟರ್ ಉದ್ದಕ್ಕೆ ನಡುವೆ, ಇಡೀ ಮುಂಡ ಅದರ ಮೇಲೆ. ಹಿಮ್ಮಡಿ ಮತ್ತು ಪೃಷ್ಠದ ನಡುವೆ ಅಂತರ ಉಳಿದರೆ ಹೊದಿಕೆ ತುಂಬಿ. ಪಾದದ ಗಂಟು ನೋಯುವವರಿಗೆ ಸಣ್ಣ ಸುರುಳಿ. ಮುಖ ಒಂದು ಪಕ್ಕಕ್ಕೆ ತಿರುಗಿರುತ್ತದೆ, ಅರ್ಧ ಸಮಯಕ್ಕೆ ಇನ್ನೊಂದು ಪಕ್ಕಕ್ಕೆ ತಿರುಗಿಸಲು ನೆನಪಿಸಿ. ಮಂಡಿ ಮಡಚಲಾಗದವರು ಬೋಲ್‌ಸ್ಟರ್ ಅಪ್ಪಿಕೊಂಡು ಪಕ್ಕಕ್ಕೆ ಮಲಗಲಿ.

ಕ್ಯಾಟರ್‌ಪಿಲ್ಲರ್ ಪಶ್ಚಿಮೋತ್ತಾನಾಸನದ ಸಡಿಲ ರೂಪ. ಇದೊಂದಕ್ಕೆ 4 ನಿಮಿಷ ಕೊಟ್ಟಿದ್ದೇನೆ. ಕಾರಣ, ಮೊದಲ ನಿಮಿಷವಿಡೀ ಕುರ್ಚಿಯಲ್ಲಿ ಕೂತ ದಿನದ ಬಿಗಿತದ ಜೊತೆಗೇ ಕಳೆಯುತ್ತದೆ. ಎತ್ತರದ ಹೊದಿಕೆಯ ಮೇಲೆ ಕೂತು ಕಾಲು ಚಾಚಿ, ಮಂಡಿಯಡಿ ದಪ್ಪ ಸುರುಳಿ ಇಡಿ. ಮಂಡಿ ನೇರ ಇರಬೇಕೆಂಬ ಹಟ ಇಲ್ಲಿ ಬೇಡವೇ ಬೇಡ. ತೊಡೆಯ ಮೇಲೆ ಬೋಲ್‌ಸ್ಟರ್, ಅದರ ಮೇಲೆ ಹೊಟ್ಟೆ, ಎದೆ, ಕೊನೆಗೆ ತಲೆ. ಹೊಟ್ಟೆ ದೊಡ್ಡದಿರುವವರಿಗೆ ಕಾಲು ಸ್ವಲ್ಪ ಅಗಲ. ಬಾಗಲು ಸಾಧ್ಯವೇ ಇಲ್ಲ ಎನ್ನುವವರಿಗೆ, ಕಾಲಿಗೆ ಇಳಿಯುವ ನೋವು ಇರುವವರಿಗೆ ಇದರ ಬದಲು ಗೋಡೆಗೆ ಕಾಲು ಚಾಚಿ ಮಲಗುವ ವಿಪರೀತಕರಣಿ.

ಇಲ್ಲಿಂದ ಮುಂದೆ ಎಲ್ಲ ಅಂಗಾತ. ಪೃಷ್ಠದ ಮೇಲ್ತುದಿಯಲ್ಲಿರುವ ಚಪ್ಪಟೆ ಮೂಳೆಯಡಿ ಬ್ಲಾಕನ್ನು ಅತಿ ತಗ್ಗಿನ ಮಗ್ಗುಲಲ್ಲಿ ಮಲಗಿಸಿ ಇಡಿ. ಸೊಂಟದ ಟೊಳ್ಳಿನಲ್ಲಿ ಅಲ್ಲ, ಅದರ ಕೆಳಗೆ. ಈ ಜಾಗವನ್ನು ಪ್ರತಿಯೊಬ್ಬರಿಗೂ ಖಚಿತ ಮಾಡಿಕೊಳ್ಳಿ. ಒಂದು ಮಂಡಿ ಎದೆಗೆ ಅಪ್ಪಿ, ಇನ್ನೊಂದು ಕಾಲು ನೀಳವಾಗಿ ಜಾರಿಹೋಗಲಿ. ಚಾಚಿದ ಕಾಲಿನ ತೊಡೆಸಂದಿನಲ್ಲಿ ಎಳೆತ ಸಿಗುತ್ತದೆ. ಇಡೀ ದಿನ ಮಡಚಿದ್ದ ಜಾಗ ಅದೇ. ಬ್ಲಾಕ್ ಗಟ್ಟಿ ಎನಿಸಿದರೆ ಮಡಚಿದ ಹೊದಿಕೆ ಸಾಕು.

ಬ್ಲಾಕ್ ತೆಗೆದು, ಒಂದು ಕಾಲಿನ ಪಾದದ ಗಂಟನ್ನು ಇನ್ನೊಂದು ತೊಡೆಯ ಮೇಲೆ, ಮಂಡಿಯಿಂದ ಸ್ವಲ್ಪ ಈಚೆಗೆ ಇಡುವುದು ಮುಂದಿನದು. ನೆಲದ ಮೇಲಿರುವ ಪಾದವನ್ನು ಬ್ಲಾಕ್ ಮೇಲೆ ಏರಿಸಿದರೆ ಎಳೆತ ಹೆಚ್ಚುತ್ತದೆ, ನೆಲದಲ್ಲೇ ಬಿಟ್ಟರೆ ಕಡಿಮೆ. ಕೈಯಲ್ಲಿ ತೊಡೆ ಹಿಡಿದು ಎಳೆಯುವವರು ಮೂರು ನಿಮಿಷಕ್ಕೆ ಭುಜ ನೋಯಿಸಿಕೊಳ್ಳುತ್ತಾರೆ, ಅವರಿಗೆ ಬೆಲ್ಟ್ ಅಥವಾ ಪಂಚೆ ಕೊಡಿ.

ತಿರುಚುವಾಗ ಎರಡೂ ಮಂಡಿ ಒಂದು ಪಕ್ಕಕ್ಕೆ ಬೀಳಲಿ, ಬೀಳುವ ಕಡೆ ಬೋಲ್‌ಸ್ಟರ್ ಕಾದಿರಲಿ. ಎದುರಿನ ಭುಜ ನೆಲ ಬಿಟ್ಟರೆ ಅದರಡಿ ಹೊದಿಕೆ. ಇಲ್ಲಿ ಯಾರ ಮಂಡಿಯನ್ನೂ ನೀವು ಕೈಯಿಂದ ಒತ್ತಬೇಡಿ. ಯಿನ್‌ನಲ್ಲಿ ಶಿಕ್ಷಕರ ಕೈ ದಿಂಬನ್ನು ಮುಟ್ಟಬೇಕು, ದೇಹವನ್ನಲ್ಲ.

ಶವಾಸನಕ್ಕೆ ಬೋಲ್‌ಸ್ಟರ್ ಮಂಡಿಯಡಿಗೆ ಹೋಗಲಿ, ಒಂದು ಹೊದಿಕೆ ತಲೆಯಡಿ, ಇನ್ನೊಂದು ಮೈಮೇಲೆ. ಪಾದ ಮುಚ್ಚಿದೆಯೇ ನೋಡಿ. ಎಂಟು ನಿಮಿಷದಲ್ಲಿ ಒಂದು ನಿಮಿಷವನ್ನೂ ಕಡಿತಗೊಳಿಸಬೇಡಿ. ಸಮಯ ಮೀರಿದ್ದರೆ ಮೊದಲೇ ಕಾಲ ಮೇಲೆ ಕಾಲಿನ ಆಸನವನ್ನು ಕೈಬಿಡಿ.

ಯಾರಿಗೆ ಏನು ಬೇಡ

ಡಿಸ್ಕ್ ತೊಂದರೆ, ಮೂಳೆ ಟೊಳ್ಳಾಗಿರುವ ತೊಂದರೆ ಇರುವವರು ಬೆನ್ನು ಗುಂಡು ಮಾಡಿ ಬಾಗಬಾರದು. ಬಟರ್‌ಫ್ಲೈಯಲ್ಲಿ ಗೋಡೆಗೆ ಒರಗಿ ನೇರ ಕೂರಲಿ. ಗರ್ಭಿಣಿಯರು ಬೋರಲು ಮಲಗುವುದಿಲ್ಲ, ತಿಂಗಳು ಮುಂದುವರಿದವರು ಅಂಗಾತ ಹೆಚ್ಚು ಹೊತ್ತು ಇರುವುದೂ ಬೇಡ. ಈ ತರಗತಿಗಿಂತ ಅವರಿಗೆ ಬೇರೆಯೇ ತರಗತಿ ಒಳ್ಳೆಯದು. ಮಂಡಿ ಅಥವಾ ಸೊಂಟದ ಕೀಲು ಬದಲಾಯಿಸಿಕೊಂಡವರು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಕೇಳಿಯೇ ಬರಲಿ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಅಥವಾ ಹತೋಟಿಗೆ ಬಾರದ ಬಿಪಿ ಇದ್ದರೆ ತಲೆ ಎದೆಗಿಂತ ಕೆಳಗೆ ಹೋಗಬಾರದು, ವಿಪರೀತಕರಣಿಯೂ ಬೇಡ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಎರಡು ಎಚ್ಚರಿಕೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಸಂಜೆ ಪೂರ್ತಿ ಖಾಲಿ ಹೊಟ್ಟೆಯಲ್ಲಿ ಬರಬಾರದು. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರುವವರಿಗೆ ಒತ್ತಡ ಹೆಚ್ಚಾದದ್ದು ಗೊತ್ತಾಗುವುದಿಲ್ಲ, ಅವರ ಪಾದದಡಿ, ಗಂಟಿನಡಿ ಏನಿದೆ ಎಂದು ನೀವೇ ನೋಡಿಕೊಳ್ಳಿ.

ಇದಕ್ಕೆ ತದ್ವಿರುದ್ಧ, ಕೀಲುಗಳು ಅತಿ ಸಡಿಲವಾಗಿರುವ ಮಂದಿ. ನೋಡಿದರೆ ಎಲ್ಲರಿಗಿಂತ ಚೆನ್ನಾಗಿ ಬಾಗುತ್ತಾರೆ, ಬಟರ್‌ಫ್ಲೈಯಲ್ಲಿ ಮೂಗು ನೆಲಕ್ಕೆ ತಾಗುತ್ತದೆ. ನನ್ನ ಮಟ್ಟಿಗೆ ಹೆಚ್ಚು ಕಾಳಜಿ ಬೇಕಾಗಿರುವುದು ಅವರಿಗೇ. ಎಳೆತವೇ ತಿಳಿಯದೆ ಕೀಲಿನ ಕೊನೆಯವರೆಗೂ ಹೋಗಿ ಅಲ್ಲಿ ಜೋತುಬೀಳುತ್ತಾರೆ. ಅವರಿಗೆ ಎಲ್ಲರಿಗಿಂತ ಎತ್ತರದ ದಿಂಬು ಕೊಟ್ಟು ಅರ್ಧದಾರಿಯಲ್ಲೇ ನಿಲ್ಲಿಸಿ, ಹೊತ್ತನ್ನೂ ಕಡಿಮೆ ಮಾಡಿ. ಪಾಲ್ ಗ್ರಿಲಿ ಮತ್ತೆ ಮತ್ತೆ ಹೇಳಿದ್ದು ಇದನ್ನೇ: ಮೂಳೆಗಳ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ಥರ, ಹಾಗಾಗಿ ಒಂದೇ ಆಸನ ಎಲ್ಲರಲ್ಲೂ ಒಂದೇ ಥರ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಪಕ್ಕದ ಮ್ಯಾಟ್ ನೋಡಿ ಹೋಲಿಸಿಕೊಳ್ಳುವ ಹೊಸಬರಿಗೆ ಈ ಮಾತನ್ನು ಮೊದಲ ದಿನವೇ ಹೇಳಿ.

ನೋವಿನ ಅಳತೆಗೆ ಒಂದು ಸುಲಭ ದಾರಿ: ಹತ್ತಕ್ಕೆ ಮೂರು-ನಾಲ್ಕರಷ್ಟು ಎಳೆತ ಸಾಕು. ಚುಚ್ಚುವುದು, ಉರಿಯುವುದು, ಮಿಂಚು ಹೊಡೆದಂತೆ ಕಾಲಿಗೆ ಇಳಿಯುವುದು, ಜೋಮು ಹಿಡಿಯುವುದು ಇವುಗಳಲ್ಲಿ ಯಾವುದಾದರೂ ಬಂದರೆ ನನ್ನ ಅಪ್ಪಣೆಗೆ ಕಾಯದೆ ಹೊರಗೆ ಬನ್ನಿ ಎಂದು ಸ್ಪಷ್ಟವಾಗಿ ಹೇಳಿ. ಅಲುಗಾಡಬೇಡಿ ಎಂದ ಮೇಲೆ ಕೆಲವರು, ಅದರಲ್ಲೂ ಹಿರಿಯರು, ಗೌರವಕ್ಕೆ ಕಟ್ಟುಬಿದ್ದು ಸಹಿಸಿಕೊಳ್ಳುತ್ತಾರೆ.

ಮಾತು ಎಷ್ಟು, ಮೌನ ಎಷ್ಟು

ಆಸನದ ಮೊದಲ ಅರ್ಧ ನಿಮಿಷ ಜೋಡಣೆಯ ಮಾತು. ಆಮೇಲೆ ಸುಮ್ಮನಿರಿ. ನಡುವೆ ಒಂದು ಸಲ, ‘ದವಡೆ ಬಿಗಿಯಾಗಿದ್ಯಾ ನೋಡ್ಕೊಳಿ, ಉಸಿರು ಸಲೀಸಾಗಿ ಬರ್ತಿದ್ಯಾ ನೋಡ್ಕೊಳಿ’ ಎಂದರೆ ಸಾಕು. ಮುಗಿಯುವ 20 ಸೆಕೆಂಡ್ ಮೊದಲು ಮೆಲ್ಲಗೆ ಎಚ್ಚರಿಸಿ. ಮೌನದಲ್ಲಿ ಶಿಕ್ಷಕರಿಗೇ ಕಸಿವಿಸಿಯಾಗಿ ಕಥೆ ಹೇಳಲು ತೊಡಗುವುದನ್ನು ಬಹಳ ಕಡೆ ನೋಡಿದ್ದೇನೆ. ಆ ಮೌನಕ್ಕಾಗಿಯೇ ಅವರು ದುಡ್ಡು ಕೊಟ್ಟು, ಟ್ರಾಫಿಕ್ ದಾಟಿ ಬಂದಿರುತ್ತಾರೆ.

ಮೆರಿಡಿಯನ್ (ದೇಹದೊಳಗೆ ಶಕ್ತಿ ಹರಿಯುತ್ತದೆ ಎನ್ನಲಾಗುವ ದಾರಿಗಳು), ಮೂತ್ರಪಿಂಡದ ಶಕ್ತಿ, ಯಕೃತ್ತಿನ ಶುದ್ಧಿ ಎಂದೆಲ್ಲ ಹೇಳುವ ವಾಡಿಕೆ ಯಿನ್ ತರಗತಿಗಳಲ್ಲಿದೆ. ಅದು ಚೀನೀ ಪರಂಪರೆಯ ಚಿಂತನೆ, ಹಾಗೆಂದೇ ಪರಿಚಯಿಸಿ. ಈ ಆಸನದಿಂದ ಇಂಥ ಕಾಯಿಲೆ ಹೋಗುತ್ತದೆ ಎಂಬ ಭರವಸೆ ಮಾತ್ರ ಕೊಡಬೇಡಿ. ನಂಬಿ ಔಷಧಿ ಬಿಡುವವರು ನಮ್ಮ ನಡುವೆ ಇದ್ದಾರೆ.

ಹೊರಬರುವುದನ್ನೂ ಹೇಳಿಕೊಡಬೇಕು. ಮೂರು ನಿಮಿಷ ಅಲುಗಾಡದ ಕಾಲು ಒಮ್ಮೆಲೇ ಎತ್ತಿದರೆ ತೊಂಬತ್ತರ ಅಜ್ಜಿಯ ಕಾಲಿನಂತೆ ಅನಿಸುತ್ತದೆ. ಕೈಯಿಂದ ಮಂಡಿ ಎತ್ತಿ ಕೂಡಿಸಲಿ, ಒಂದೆರಡು ಉಸಿರು ನಿಲ್ಲಲಿ, ಆಮೇಲೆ ಕಾಲು ಚಾಚಿ ಅಲ್ಲಾಡಿಸಲಿ. ಈ ಬಿಗಿತ ಅರ್ಧ-ಒಂದು ನಿಮಿಷದಲ್ಲಿ ಹೋಗುತ್ತದೆ ಎಂದು ಮೊದಲೇ ತಿಳಿಸಿದರೆ ಯಾರೂ ಹೆದರುವುದಿಲ್ಲ.

ಮುಂದಿನ ವಾರಗಳು

ಒಂದು ತಿಂಗಳು ಇದೇ ಕ್ರಮ ಇರಲಿ. ಪ್ರತಿ ವಾರ ಹೊಸದು ಕೊಡದಿದ್ದರೆ ಜನ ಬೇಸರಪಡುತ್ತಾರೆ ಎಂಬ ಆತಂಕ ಶಿಕ್ಷಕರದ್ದು, ಕಲಿಯುವವರದ್ದಲ್ಲ. ಎರಡನೆಯ ವಾರಕ್ಕೆ ದಿಂಬು ಎಲ್ಲಿಡಬೇಕೆಂದು ಅವರಿಗೇ ಗೊತ್ತಿರುತ್ತದೆ, 13 ನಿಮಿಷದ ಜೋಡಣೆ ಹತ್ತಕ್ಕೆ ಇಳಿಯುತ್ತದೆ. ಉಳಿದ ಮೂರು ನಿಮಿಷವನ್ನು ಬಟರ್‌ಫ್ಲೈಗೆ ಒಂದು, ಬಾಲಾಸನಕ್ಕೆ ಒಂದು, ಶವಾಸನಕ್ಕೆ ಒಂದು ಹಂಚಿ.

ಒಂದು ನೋಟ್‌ಬುಕ್ ಇಟ್ಟುಕೊಂಡು ತರಗತಿ ಮುಗಿದ ತಕ್ಷಣ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಸಾಲು ಬರೆಯಿರಿ: ಕ್ಯಾಟರ್‌ಪಿಲ್ಲರ್‌ನಲ್ಲಿ ಕುರ್ಚಿ ಬೇಕು, ಎಡ ಮಂಡಿಗೆ ಎರಡು ಬ್ಲಾಕ್, ಸ್ಫಿಂಕ್ಸ್ ಬೇಡ. ಮುಂದಿನ ವಾರ ಅವರು ಬರುವ ಮೊದಲೇ ಆ ಕುರ್ಚಿ ಅವರ ಮ್ಯಾಟಿನ ಪಕ್ಕದಲ್ಲಿರಲಿ.

ಐದನೆಯ ವಾರ ಬಾಲಾಸನವಾದ ಮೇಲೆ ಡ್ರ್ಯಾಗನ್ ಸೇರಿಸಬಹುದು. ಒಂದು ಕಾಲು ಮುಂದೆ ಮಡಚಿ, ಹಿಂದಿನ ಮಂಡಿ ಊರಿ, ಸೊಂಟವನ್ನು ಮುಂದಕ್ಕೆ ಇಳಿಬಿಡುವ ಭಂಗಿ ಅದು. ಹಿಂದಿನ ಮಂಡಿಯಡಿ ನಾಲ್ಕು ಮಡಿಕೆಯ ಹೊದಿಕೆ, ಎರಡೂ ಕೈಗೆ ಎತ್ತರಕ್ಕೆ ನಿಲ್ಲಿಸಿದ ಬ್ಲಾಕ್, ಒಂದು ಕಡೆಗೆ ಒಂದೂವರೆ ನಿಮಿಷ. ಅದನ್ನು ಸೇರಿಸಿದ ದಿನ ಸೊಂಟದಡಿಯ ಬ್ಲಾಕ್ ಆಸನವನ್ನು ತೆಗೆದುಬಿಡಿ, ಎರಡೂ ಕೆಲಸ ಮಾಡುವುದು ಒಂದೇ ಜಾಗದ ಮೇಲೆ. ಮಂಡಿ ಊರಲಾಗದವರು ಹಳೆಯದನ್ನೇ ಮುಂದುವರಿಸಲಿ.